ಮನೆಯ ಅಂತರಜಾಲದ ವೇಗಮಾಪನ

ಮನೆಯ ಅಂತರಜಾಲದ ವೇಗಮಾಪನ ಎಂದರೆ ಗೃಹಬಳಕೆಯ ಅಂತರಜಾಲ ಸಂಪರ್ಕದ ಮೂಲಕ ಒಂದು ಸೆಕೆಂಡಿಗೆ ಎಷ್ಟು ದತ್ತಾಂಶ ಬಂದು ಸೇರುತ್ತದೆ ಎಂಬುದನ್ನು ಅಳೆಯುವ, ಮತ್ತು ಆ ವೇಗವನ್ನು ತಗ್ಗಿಸುತ್ತಿರುವ ಭಾಗ ಯಾವುದೆಂದು ಗುರುತಿಸುವ ಕ್ರಮ. ವೇಗವನ್ನು ತಗ್ಗಿಸುವ ಭಾಗಕ್ಕೆ ರೂಢಿಯಲ್ಲಿ ಬಾಟಲ್‌ನೆಕ್ ಎಂಬ ಹೆಸರಿದೆ. ಈ ಲೇಖನದಲ್ಲಿ ಅದನ್ನು ಇಕ್ಕಟ್ಟಿನ ತಾಣ ಎಂದು ಕರೆಯಲಾಗಿದೆ. ಮೊಬೈಲ್ ಫೋನಿನಲ್ಲಿ ವೇಗಪರೀಕ್ಷೆಯ ಆ್ಯಪ್ ತೆರೆದು ಗುಂಡಿ ಒತ್ತಿದಾಗ ಕಾಣುವ ಅಂಕಿ ಸಂಪರ್ಕದ ವೇಗವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವದಲ್ಲಿ ಅದು ಫೋನು, ವೈಫೈ, ರೂಟರ್, ಬೀದಿಯ ಕೇಬಲ್, ಸೇವಾದಾತರ ಜಾಲ ಹಾಗೂ ದೂರದ ಸರ್ವರ್ ಇವೆಲ್ಲವೂ ಸೇರಿದ ಹಾದಿಯ ವೇಗವಾಗಿದೆ. ಹಾದಿಯ ಒಂದೊಂದು ಭಾಗವನ್ನೂ ಬೇರ್ಪಡಿಸಿ ಅಳೆದಾಗ ಮಾತ್ರ ತಪ್ಪು ಎಲ್ಲಿದೆ ಎಂಬುದು ತಿಳಿಯುತ್ತದೆ. ಹೆಚ್ಚಿನ ದರದ ಯೋಜನೆಗೆ ಹಣ ಕಟ್ಟಬೇಕೇ, ಹೊಸ ರೂಟರ್ ಕೊಳ್ಳಬೇಕೇ, ಅಥವಾ ಸೇವಾದಾತರಿಗೆ ದೂರು ನೀಡಬೇಕೇ ಎಂಬ ನಿರ್ಧಾರ ಈ ಅಳತೆಯನ್ನು ಅವಲಂಬಿಸಿರುತ್ತದೆ.

## ಹಿನ್ನೆಲೆ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆಯು 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮದ ಮೂಲಕ ಆರಂಭವಾಯಿತು. ಅಂದಿನ ಸಂಪರ್ಕ ದೂರವಾಣಿ ತಂತಿಯ ಮೇಲೆ ಡಯಲ್ ಮಾಡಿ ಪಡೆಯುವಂಥದ್ದು. ಈ ಬಗೆಯ ಮೋಡೆಮ್‌ಗಳ ವೇಗ ಮುಂದೆ ಸುಧಾರಿಸಿದಾಗಲೂ ಸೆಕೆಂಡಿಗೆ 56 ಕಿಲೋಬಿಟ್‌ಗಳನ್ನು ಮೀರಲಿಲ್ಲ. 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ ಅಥವಾ ಅದಕ್ಕಿಂತ ಹೆಚ್ಚಿನ ವೇಗದ ಸದಾ ಚಾಲನೆಯಲ್ಲಿರುವ ಸಂಪರ್ಕವನ್ನು ಬ್ರಾಡ್‌ಬ್ಯಾಂಡ್ ಎಂದು ವ್ಯಾಖ್ಯಾನಿಸಿತು. ಈ ಕನಿಷ್ಠ ಮಿತಿಯನ್ನು 2013ರಲ್ಲಿ 512 ಕಿಲೋಬಿಟ್‌ಗೆ, 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೆ ಏರಿಸಲಾಯಿತು.

2005ರಿಂದ ಬಿ.ಎಸ್.ಎನ್.ಎಲ್. ತನ್ನ ತಾಮ್ರದ ದೂರವಾಣಿ ತಂತಿಗಳ ಮೇಲೆಯೇ ಬ್ರಾಡ್‌ಬ್ಯಾಂಡ್ ಒದಗಿಸತೊಡಗಿತು. ಆ ವ್ಯವಸ್ಥೆಯಲ್ಲಿ ದೂರವಾಣಿ ವಿನಿಮಯ ಕೇಂದ್ರದಿಂದ ಮನೆ ದೂರವಾದಷ್ಟೂ ವೇಗ ಕುಗ್ಗುತ್ತಿತ್ತು. ಮುಂದಿನ ವರ್ಷಗಳಲ್ಲಿ ತಾಮ್ರದ ಸ್ಥಾನವನ್ನು ಆಪ್ಟಿಕಲ್ ಫೈಬರ್ ಆಕ್ರಮಿಸಿತು. ಬೆಂಗಳೂರಿನಂಥ ಮಹಾನಗರಗಳಲ್ಲಷ್ಟೇ ಅಲ್ಲದೆ ದಾವಣಗೆರೆ, ಹರಿಹರದಂಥ ನಗರಗಳ ವಸತಿ ಬಡಾವಣೆಗಳಲ್ಲೂ ಕಂಬದಿಂದ ಕಂಬಕ್ಕೆ ಎಳೆದ ಫೈಬರ್ ಮನೆ ಬಾಗಿಲಿಗೆ ಬಂದಿದೆ. ಹಲವೆಡೆ ಸ್ಥಳೀಯ ಕೇಬಲ್ ಟಿ.ವಿ. ನಿರ್ವಾಹಕರೇ ಈ ಸೇವೆಯನ್ನು ಮನೆಗಳಿಗೆ ತಲುಪಿಸುತ್ತಾರೆ.

ಈ ಬದಲಾವಣೆಯ ಪರಿಣಾಮವಾಗಿ ಇಕ್ಕಟ್ಟಿನ ತಾಣವೂ ಸ್ಥಳ ಬದಲಿಸಿದೆ. ಸೆಕೆಂಡಿಗೆ 2 ಮೆಗಾಬಿಟ್ ಬರುತ್ತಿದ್ದ ಕಾಲದಲ್ಲಿ ಇಡೀ ಹಾದಿಯಲ್ಲಿ ಅತಿ ನಿಧಾನವಾದ ಭಾಗವೆಂದರೆ ಬೀದಿಯ ತಂತಿ. ಮನೆಯೊಳಗಿನ ಯಾವ ಉಪಕರಣವೂ ಅದಕ್ಕಿಂತ ವೇಗವಾಗಿಯೇ ಇರುತ್ತಿತ್ತು. 100 ಮೆಗಾಬಿಟ್ ಹಾಗೂ ಅದಕ್ಕಿಂತ ಹೆಚ್ಚಿನ ಯೋಜನೆಗಳು ಬಂದ ಮೇಲೆ ಹಳೆಯ ರೂಟರ್, ಗೋಡೆಯಾಚೆಗಿನ ವೈಫೈ, ಹಳೆಯ ಫೋನು ಇವು ಬೀದಿಯ ಕೇಬಲ್ಲಿಗಿಂತ ನಿಧಾನವಾಗುವ ಸಂದರ್ಭಗಳು ಹೆಚ್ಚಾಗಿವೆ. 2020ರ ಕೋವಿಡ್ ಕಾಲದಲ್ಲಿ ತರಗತಿಗಳು ಆನ್‌ಲೈನ್ ಆದಾಗ ಒಂದೇ ಮನೆಯಲ್ಲಿ ಇಬ್ಬರು ಮೂವರು ಏಕಕಾಲಕ್ಕೆ ವಿಡಿಯೊ ಬಳಸುವ ಸ್ಥಿತಿ ಉಂಟಾಗಿ, ಈ ಸಮಸ್ಯೆ ಸಾಮಾನ್ಯ ಕುಟುಂಬಗಳ ಅನುಭವಕ್ಕೂ ಬಂದಿತು.

## ಮಾನಗಳು ಮತ್ತು ಪರಿಭಾಷೆ

ಬಿಟ್ ಮತ್ತು ಬೈಟ್. ಸೇವಾದಾತರು ವೇಗವನ್ನು ಮೆಗಾಬಿಟ್‌ಗಳಲ್ಲಿ (ಎಂಬಿಪಿಎಸ್) ಹೇಳುತ್ತಾರೆ. ಕಡತದ ಗಾತ್ರವನ್ನು ಕಂಪ್ಯೂಟರ್ ಮೆಗಾಬೈಟ್‌ಗಳಲ್ಲಿ (ಎಂಬಿ) ತೋರಿಸುತ್ತದೆ. ಒಂದು ಬೈಟ್‌ಗೆ 8 ಬಿಟ್‌ಗಳು. ಆದ್ದರಿಂದ 100 ಎಂಬಿಪಿಎಸ್ ಸಂಪರ್ಕದಲ್ಲಿ ಬ್ರೌಸರ್ ತೋರಿಸಬಹುದಾದ ಗರಿಷ್ಠ ವೇಗ ಸೆಕೆಂಡಿಗೆ 12.5 ಮೆಗಾಬೈಟ್. ನೂರು ಹೇಳಿ ಹನ್ನೆರಡು ಕೊಡುತ್ತಿದ್ದಾರೆ ಎಂಬ ದೂರಿನ ಮೂಲ ಅನೇಕ ವೇಳೆ ಈ ಎರಡು ಮಾನಗಳ ಗೊಂದಲವೇ ಆಗಿರುತ್ತದೆ.

ಹೊರೆ. ದತ್ತಾಂಶವು ಪ್ಯಾಕೆಟ್ ಎಂಬ ಸಣ್ಣ ಕಟ್ಟುಗಳಾಗಿ ಸಾಗುತ್ತದೆ. ಪ್ರತಿ ಕಟ್ಟಿನ ಮೇಲೂ ವಿಳಾಸ ಮೊದಲಾದ ವಿವರಗಳಿರುತ್ತವೆ. ಈಥರ್ನೆಟ್ ತಂತಿಯ ಮೇಲೆ 1538 ಬೈಟ್‌ಗಳಷ್ಟು ಜಾಗ ಹಿಡಿಯುವ ಒಂದು ಪೂರ್ಣ ಕಟ್ಟಿನಲ್ಲಿ ಬಳಕೆದಾರರಿಗೆ ದೊರೆಯುವ ನೈಜ ದತ್ತಾಂಶ ಗರಿಷ್ಠ 1460 ಬೈಟ್. ಎಂದರೆ ಶೇಕಡಾ 95ರಷ್ಟು. ಈ ಕಾರಣದಿಂದ 100 ಎಂಬಿಪಿಎಸ್ ಸಾಮರ್ಥ್ಯದ ತಂತಿಯಲ್ಲಿ 94 ಅಥವಾ 95 ಎಂದು ಅಳತೆ ಬಂದರೆ ಅದು ಪೂರ್ಣ ವೇಗವೇ ಸರಿ. ಒಂದು ಗಿಗಾಬೈಟ್ ಗಾತ್ರದ ಕಡತ ಈ ವೇಗದಲ್ಲಿ ಸುಮಾರು 85 ಸೆಕೆಂಡುಗಳಲ್ಲಿ ಇಳಿಯುತ್ತದೆ.

ವಿಳಂಬ. ಒಂದು ಪ್ಯಾಕೆಟ್ ಹೋಗಿ ಉತ್ತರ ಮರಳಿ ಬರಲು ಹಿಡಿಯುವ ಕಾಲವೇ ವಿಳಂಬ (ಲೇಟೆನ್ಸಿ ಅಥವಾ ಪಿಂಗ್). ಇದನ್ನು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತಾರೆ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ಬರಲು ಬೆಳಕಿಗೇ 2.6 ಮಿಲಿಸೆಕೆಂಡು ಬೇಕು. ನಡುವಿನ ಉಪಕರಣಗಳು ಹಾಗೂ ಕೇಬಲ್ಲಿನ ಸುತ್ತುಬಳಸು ಹಾದಿ ಸೇರಿ ನೈಜ ವಿಳಂಬ ಯಾವಾಗಲೂ ಇದಕ್ಕಿಂತ ಹೆಚ್ಚಿರುತ್ತದೆ. ಅಮೆರಿಕದ ಸರ್ವರುಗಳಿಗೆ ಇದು ಸಾಮಾನ್ಯವಾಗಿ 200 ಮಿಲಿಸೆಕೆಂಡುಗಳನ್ನು ಮೀರುತ್ತದೆ.

ಏರುಪೇರು ಮತ್ತು ಪ್ಯಾಕೆಟ್ ನಷ್ಟ. ವಿಳಂಬವು ಕ್ಷಣದಿಂದ ಕ್ಷಣಕ್ಕೆ ಬದಲಾಗುವುದಕ್ಕೆ ಏರುಪೇರು (ಜಿಟರ್) ಎಂದೂ, ಕಳುಹಿಸಿದ ಪ್ಯಾಕೆಟ್‌ಗಳಲ್ಲಿ ಕೆಲವು ತಲುಪದೇ ಹೋಗುವುದಕ್ಕೆ ಪ್ಯಾಕೆಟ್ ನಷ್ಟ ಎಂದೂ ಹೆಸರು. ಡೌನ್‌ಲೋಡ್ ವೇಗ ಚೆನ್ನಾಗಿದ್ದರೂ ವಿಡಿಯೊ ಸಂಭಾಷಣೆಯಲ್ಲಿ ಧ್ವನಿ ತುಂಡಾಗುವುದಕ್ಕೆ ಇವೆರಡೇ ಸಾಮಾನ್ಯ ಕಾರಣಗಳು.

## ದತ್ತಾಂಶದ ಹಾದಿ

ದೂರದ ಸರ್ವರಿನಿಂದ ಮನೆಯ ಪರದೆಯವರೆಗಿನ ಹಾದಿಯನ್ನು ಆರು ಭಾಗಗಳಾಗಿ ವಿಂಗಡಿಸಬಹುದು: ದೂರದ ಸರ್ವರ್, ಸೇವಾದಾತರ ಜಾಲವನ್ನು ಉಳಿದ ಅಂತರಜಾಲಕ್ಕೆ ಜೋಡಿಸುವ ಕೊಂಡಿಗಳು, ಸೇವಾದಾತರ ಸ್ವಂತ ಜಾಲ, ಬಡಾವಣೆಯಿಂದ ಮನೆಗೆ ಬರುವ ಕೇಬಲ್, ಮನೆಯ ಮೋಡೆಮ್ ಮತ್ತು ರೂಟರ್, ಕೊನೆಯದಾಗಿ ವೈಫೈ ಹಾಗೂ ಬಳಕೆದಾರರ ಉಪಕರಣ. ಇಡೀ ಹಾದಿಯ ವೇಗ ಈ ಆರರಲ್ಲಿ ಅತಿ ಕಿರಿದಾದ ಭಾಗದ ವೇಗವನ್ನು ಮೀರಲಾರದು. ಉಳಿದ ಐದು ಭಾಗಗಳನ್ನು ಎಷ್ಟು ಹಿಗ್ಗಿಸಿದರೂ ಫಲವಿಲ್ಲ.

ಭದ್ರಾ ಅಚ್ಚುಕಟ್ಟಿಗೆ ಸೇರಿದ ದಾವಣಗೆರೆ, ಹರಿಹರ ಭಾಗದ ರೈತರಿಗೆ ಈ ತತ್ತ್ವ ಹೊಸದಲ್ಲ. ಅಣೆಕಟ್ಟಿನ ತೂಬಿನಲ್ಲಿ ಬಿಟ್ಟ ನೀರಿನ ಪ್ರಮಾಣ ಒಂದು, ನಾಲೆಯ ಕೊನೆಯಂಚಿನ ಗದ್ದೆಗೆ ತಲುಪುವ ಪ್ರಮಾಣ ಇನ್ನೊಂದು. ನೀರು ಎಲ್ಲಿ ಕಡಿಮೆಯಾಯಿತೆಂದು ತಿಳಿಯಲು ಮುಖ್ಯ ನಾಲೆ, ಉಪನಾಲೆ, ಹೊಲಗಾಲುವೆಗಳಲ್ಲಿ ಬೇರೆ ಬೇರೆಯಾಗಿ ಅಳೆಯಬೇಕಾಗುತ್ತದೆ. ಅಂತರಜಾಲದ ವಿಷಯದಲ್ಲೂ ಅನುಸರಿಸಬೇಕಾದ ಕ್ರಮ ಇದೇ.

ಫೈಬರ್ ಸಂಪರ್ಕಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಫೈಬರ್ ಎಳೆಯ ಸುಮಾರು 2.5 ಗಿಗಾಬಿಟ್ ಡೌನ್‌ಲೋಡ್ ಸಾಮರ್ಥ್ಯವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಎಲ್ಲರೂ ಏಕಕಾಲಕ್ಕೆ ಪೂರ್ಣ ವೇಗ ಬಳಸುವುದು ಅಪರೂಪವಾದ್ದರಿಂದ ಈ ಹಂಚಿಕೆ ಬಹುಮಟ್ಟಿಗೆ ಸಾಗುತ್ತದೆ. ಆದರೆ ಸೇವಾದಾತರು ಮುಂದಿನ ಹಂತದ ಕೊಂಡಿಗಳನ್ನು ಚಂದಾದಾರರ ಸಂಖ್ಯೆಗೆ ತಕ್ಕಂತೆ ಹಿಗ್ಗಿಸದಿದ್ದರೆ, ರಾತ್ರಿ 8ರಿಂದ 11ರವರೆಗಿನ ದಟ್ಟಣೆಯ ಹೊತ್ತಿನಲ್ಲಿ ಎಲ್ಲ ಮನೆಗಳಲ್ಲೂ ವೇಗ ಕುಸಿಯುತ್ತದೆ.

## ಮಾಪನ ಸಾಧನಗಳು

ಒಂದೇ ಮನೆಯಲ್ಲಿ, ಒಂದೇ ಹೊತ್ತಿನಲ್ಲಿ, ಬೇರೆ ಬೇರೆ ವೇಗಪರೀಕ್ಷೆಗಳು ಬೇರೆ ಬೇರೆ ಅಂಕಿ ಕೊಡುವುದುಂಟು. ಅವುಗಳಲ್ಲಿ ಒಂದು ಸರಿ, ಉಳಿದವು ತಪ್ಪು ಎಂದು ತಿಳಿಯಬೇಕಾಗಿಲ್ಲ. ಪ್ರತಿಯೊಂದೂ ಹಾದಿಯ ಬೇರೆ ಬೇರೆ ತುಣುಕನ್ನು ಬೇರೆ ಬೇರೆ ರೀತಿಯಲ್ಲಿ ಅಳೆಯುತ್ತದೆ.

- ಊಕ್ಲಾ ಸ್ಪೀಡ್‌ಟೆಸ್ಟ್ (2006): ಕಡಿಮೆ ವಿಳಂಬದ ಸಮೀಪದ ಸರ್ವರನ್ನು ತಾನೇ ಆರಿಸಿಕೊಂಡು ಹಲವು ಸಂಪರ್ಕಗಳನ್ನು ಏಕಕಾಲಕ್ಕೆ ತೆರೆದು ಅಳೆಯುತ್ತದೆ. ಆಯ್ದ ಸರ್ವರ್ ಸೇವಾದಾತರದ್ದೇ ಆಗಿದ್ದರೆ ಹೊರಗಿನ ಅಂತರಜಾಲದೊಡನೆ ಇರುವ ಕೊಂಡಿ ಅಳತೆಗೆ ಸಿಗುವುದಿಲ್ಲ. ಸರ್ವರನ್ನು ಬಳಕೆದಾರರೇ ಬದಲಾಯಿಸಲು ಅವಕಾಶವಿದೆ.
- ಫಾಸ್ಟ್ ಡಾಟ್ ಕಾಮ್ (2016): ನೆಟ್‌ಫ್ಲಿಕ್ಸ್ ಸಂಸ್ಥೆಯದು. ಆ ಸಂಸ್ಥೆಯ ವಿಡಿಯೊ ಸರ್ವರುಗಳಿಂದ ಮನೆಗೆ ದೊರೆಯುವ ವೇಗವನ್ನು ತೋರಿಸುತ್ತದೆ.
- ಎಂ-ಲ್ಯಾಬ್ ಎನ್‌ಡಿಟಿ: 2009ರಲ್ಲಿ ಆರಂಭವಾದ ಮೆಷರ್‌ಮೆಂಟ್ ಲ್ಯಾಬ್ ಯೋಜನೆಯ ಪರೀಕ್ಷೆ. ಒಂದೇ ಸಂಪರ್ಕ ತೆರೆದು ಅಳೆಯುವುದರಿಂದ ಅಂಕಿ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ಇದರ ಫಲಿತಾಂಶಗಳು ಸಂಶೋಧಕರಿಗೆ ಮುಕ್ತವಾಗಿ ಲಭ್ಯವಿವೆ.
- ಕ್ಲೌಡ್‌ಫ್ಲೇರ್ ವೇಗಪರೀಕ್ಷೆ (2020): ಬೇರೆ ಬೇರೆ ಗಾತ್ರದ ಕಡತಗಳನ್ನು ತರಿಸಿ ಅಳೆಯುತ್ತದೆ, ಸಂಪರ್ಕ ತುಂಬಿರುವಾಗಿನ ವಿಳಂಬವನ್ನೂ ಪ್ರತ್ಯೇಕವಾಗಿ ತೋರಿಸುತ್ತದೆ.
- ಮೈಸ್ಪೀಡ್ (2016): ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಹೊರತಂದ ಮೊಬೈಲ್ ಆ್ಯಪ್. ಮುಖ್ಯವಾಗಿ ಮೊಬೈಲ್ ದತ್ತಾಂಶದ ವೇಗವನ್ನು ಅಳೆದು ಪ್ರಾಧಿಕಾರಕ್ಕೆ ವರದಿ ಮಾಡಲು ರೂಪಿಸಲಾದುದು.
- ಐಪರ್ಫ್: ಮನೆಯೊಳಗಿನ ಎರಡು ಕಂಪ್ಯೂಟರ್‌ಗಳ ನಡುವಿನ ವೇಗವನ್ನು ಹೊರಗಿನ ಸಂಪರ್ಕದ ನೆರವಿಲ್ಲದೆ ಅಳೆಯುವ ಉಚಿತ ತಂತ್ರಾಂಶ. ವೈಫೈಯನ್ನಷ್ಟೇ ಪ್ರತ್ಯೇಕವಾಗಿ ಪರೀಕ್ಷಿಸಲು ಉಪಯುಕ್ತ.

ಒಂದೇ ಸಂಪರ್ಕ ಹಾಗೂ ಹಲವು ಸಂಪರ್ಕಗಳ ನಡುವಿನ ವ್ಯತ್ಯಾಸಕ್ಕೆ ಸ್ಪಷ್ಟ ಕಾರಣವಿದೆ. ಕಳುಹಿಸುವ ಸರ್ವರ್ ಒಂದಿಷ್ಟು ದತ್ತಾಂಶ ಕಳುಹಿಸಿದ ಬಳಿಕ ತಲುಪಿತೆಂಬ ಸೂಚನೆಗಾಗಿ ಕಾಯುತ್ತದೆ. ಹೀಗೆ ಸೂಚನೆ ಬರುವ ಮೊದಲು ಕಳುಹಿಸಬಹುದಾದ ಪ್ರಮಾಣ 64 ಕಿಲೋಬೈಟ್ ಎಂದೂ, ವಿಳಂಬ 200 ಮಿಲಿಸೆಕೆಂಡು ಎಂದೂ ಇಟ್ಟುಕೊಂಡರೆ, ತಂತಿಯ ಸಾಮರ್ಥ್ಯ ಎಷ್ಟೇ ಇರಲಿ, ಆ ಸಂಪರ್ಕದ ವೇಗ 2.6 ಎಂಬಿಪಿಎಸ್ ಮೀರುವುದಿಲ್ಲ. ಇಂದಿನ ಕಾರ್ಯಾಚರಣಾ ವ್ಯವಸ್ಥೆಗಳು ಈ ಪ್ರಮಾಣವನ್ನು ತಾವಾಗಿ ಹೆಚ್ಚಿಸಿಕೊಳ್ಳುತ್ತವೆ. ಆದರೂ ದೂರದ ದೇಶದ ಸರ್ವರಿನಿಂದ ಕಡತ ನಿಧಾನವಾಗಿ ಇಳಿಯುವುದಕ್ಕೆ ವಿಳಂಬ ಇಂದಿಗೂ ಒಂದು ಮುಖ್ಯ ಕಾರಣ. ಅದು ಮನೆಯ ಸಂಪರ್ಕದ ದೋಷವಲ್ಲ.

## ನಿಖರ ಮಾಪನದ ಕ್ರಮ

ನಂಬಲರ್ಹ ಅಳತೆಗೆ ಕೆಳಗಿನ ಕ್ರಮವನ್ನು ಅನುಸರಿಸಲಾಗುತ್ತದೆ.

1. ಮನೆಯ ಉಳಿದ ಫೋನು, ಟಿ.ವಿ., ಕಂಪ್ಯೂಟರ್‌ಗಳನ್ನು ಸಂಪರ್ಕದಿಂದ ತಪ್ಪಿಸಬೇಕು. ಹಿನ್ನೆಲೆಯಲ್ಲಿ ನಡೆಯುವ ತಂತ್ರಾಂಶ ನವೀಕರಣ, ಚಿತ್ರಗಳ ಬ್ಯಾಕಪ್ ಹಾಗೂ ಸಿ.ಸಿ. ಕ್ಯಾಮೆರಾಗಳು ಅಳತೆಯನ್ನು ಕೆಡಿಸುತ್ತವೆ. ವಿಪಿಎನ್ ಬಳಕೆಯಲ್ಲಿದ್ದರೆ ನಿಲ್ಲಿಸಬೇಕು.
2. ಲ್ಯಾಪ್‌ಟಾಪ್ ಅಥವಾ ಕಂಪ್ಯೂಟರನ್ನು ಈಥರ್ನೆಟ್ ಕೇಬಲ್ಲಿನಿಂದ ನೇರವಾಗಿ ರೂಟರಿಗೆ ಜೋಡಿಸಿ, ಅದರ ವೈಫೈ ಆರಿಸಿ ಅಳೆಯಬೇಕು. ಉಳಿದ ಎಲ್ಲ ಅಳತೆಗಳಿಗೂ ಇದೇ ಆಧಾರ.
3. ಅದೇ ಕಂಪ್ಯೂಟರಿನಲ್ಲಿ, ರೂಟರ್ ಇರುವ ಕೋಣೆಯಲ್ಲೇ ಎರಡು ಮೂರು ಮೀಟರ್ ದೂರದಿಂದ ವೈಫೈ ಮೂಲಕ ಅಳೆಯಬೇಕು.
4. ಸಾಮಾನ್ಯವಾಗಿ ಬಳಸುವ ಕೋಣೆಯಲ್ಲಿ ವೈಫೈ ಮೂಲಕ ಅಳೆಯಬೇಕು.
5. ಬೆಳಿಗ್ಗೆ, ಮಧ್ಯಾಹ್ನ ಹಾಗೂ ರಾತ್ರಿ 9ರ ಆಸುಪಾಸಿನಲ್ಲಿ, ಕೆಲವು ದಿನಗಳ ಕಾಲ, ಪ್ರತಿ ಬಾರಿಯೂ ಅದೇ ಸರ್ವರ್ ಆರಿಸಿಕೊಂಡು ಅಳತೆ ಪುನರಾವರ್ತಿಸಬೇಕು.
6. ದಿನಾಂಕ, ವೇಳೆ, ತಂತಿ ಅಥವಾ ವೈಫೈ, ಸರ್ವರಿನ ಹೆಸರು, ಡೌನ್‌ಲೋಡ್, ಅಪ್‌ಲೋಡ್, ವಿಳಂಬ ಇವನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು.

ಹಲವು ಅಳತೆಗಳನ್ನು ಒಂದೇ ಅಂಕಿಯಲ್ಲಿ ಹೇಳಬೇಕಾದಾಗ ಸರಾಸರಿಗಿಂತ ಮಧ್ಯಾಂಕವೇ ಉತ್ತಮ. ಉದಾಹರಣೆಗೆ 92, 94, 31, 93, 90 ಎಂಬ ಐದು ಅಳತೆಗಳ ಸರಾಸರಿ 80. ಏರಿಕೆಯ ಕ್ರಮದಲ್ಲಿ ಬರೆದರೆ ನಡುವೆ ಬರುವ ಮಧ್ಯಾಂಕ 92. ಯಾವುದೋ ಒಂದು ಗಳಿಗೆಯ ಅಡಚಣೆಯಿಂದ ಬಂದ 31 ಎಂಬ ಅಂಕಿಯು ಸರಾಸರಿಯನ್ನು ಕೆಳಗೆಳೆಯುತ್ತದೆ. ಮಧ್ಯಾಂಕದ ಮೇಲೆ ಅದರ ಪ್ರಭಾವ ಅಲ್ಪ. ಆದರೆ ಅಂಥ ಕುಸಿತ ಪ್ರತಿದಿನ ಒಂದೇ ಹೊತ್ತಿಗೆ ಕಂಡುಬಂದರೆ ಅದನ್ನು ಕಡೆಗಣಿಸಬಾರದು. ಅದೇ ಇಕ್ಕಟ್ಟಿನ ಸುಳಿವು.

ವೇಗಪರೀಕ್ಷೆಯೂ ದತ್ತಾಂಶವನ್ನು ಖರ್ಚು ಮಾಡುತ್ತದೆ. 100 ಎಂಬಿಪಿಎಸ್ ಸಂಪರ್ಕದಲ್ಲಿ 10 ಸೆಕೆಂಡುಗಳ ಡೌನ್‌ಲೋಡ್ ಪರೀಕ್ಷೆಗೆ ಸುಮಾರು 125 ಮೆಗಾಬೈಟ್ ಬೇಕು. ದಿನದ ಮಿತಿಯಿರುವ ಮೊಬೈಲ್ ಯೋಜನೆಗಳಲ್ಲಿ ಇದನ್ನು ಗಮನದಲ್ಲಿಡಬೇಕಾಗುತ್ತದೆ.

## ಇಕ್ಕಟ್ಟಿನ ತಾಣಗಳು

### ಉಪಕರಣ

ಒಂದೇ ಆಂಟೆನಾ ಇರುವ ಹಳೆಯ ಫೋನು 2.4 ಗಿಗಾಹರ್ಟ್ಸ್ ತರಂಗಪಟ್ಟಿಯ ವೈಫೈ 4 ಮಾನದಂಡದಲ್ಲಿ, 20 ಮೆಗಾಹರ್ಟ್ಸ್ ಅಗಲದ ಚಾನೆಲ್ಲಿನಲ್ಲಿ, ರೂಟರಿನೊಡನೆ ಗರಿಷ್ಠ 72 ಎಂಬಿಪಿಎಸ್ ದರದಲ್ಲಿ ಸಂಪರ್ಕ ಸಾಧಿಸುತ್ತದೆ. ನೈಜವಾಗಿ ದೊರೆಯುವುದು ಅದರ ಅರ್ಧಕ್ಕಿಂತ ತುಸು ಹೆಚ್ಚು. ಇಂಥ ಫೋನಿನಲ್ಲಿ 100 ಎಂಬಿಪಿಎಸ್ ಸಂಪರ್ಕವನ್ನು ಅಳೆದರೆ 40ರ ಆಸುಪಾಸಿನ ಅಂಕಿ ಕಾಣುತ್ತದೆ. ಯೋಜನೆಯನ್ನು 200ಕ್ಕೆ ಏರಿಸಿದರೂ ಆ ಫೋನಿನಲ್ಲಿ 40 ಬದಲಾಗುವುದಿಲ್ಲ. ಬೇರೊಂದು ಹೊಸ ಉಪಕರಣದಲ್ಲಿ ಅದೇ ಸ್ಥಳದಿಂದ ಅಳೆದು ಹೋಲಿಸುವುದರಿಂದ ಇದು ಸುಲಭವಾಗಿ ಪತ್ತೆಯಾಗುತ್ತದೆ.

### ವೈಫೈ

2.4 ಗಿಗಾಹರ್ಟ್ಸ್ ತರಂಗಗಳು ಗೋಡೆಗಳನ್ನು ಹೆಚ್ಚು ಸುಲಭವಾಗಿ ದಾಟುತ್ತವೆ, ಆದರೆ ಅವುಗಳ ವೇಗ ಕಡಿಮೆ. ಆ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರು ಮಾತ್ರ. ಮನೆಗಳು ಒತ್ತೊತ್ತಾಗಿರುವ ಬೀದಿಯಲ್ಲಿ ನೆರೆಹೊರೆಯ ಹತ್ತಾರು ರೂಟರ್‌ಗಳು ಈ ಮೂರನ್ನೇ ಹಂಚಿಕೊಳ್ಳಬೇಕಾಗುತ್ತದೆ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ವೇಗವೂ ಚಾನೆಲ್‌ಗಳೂ ಹೆಚ್ಚು, ಆದರೆ ಕಾಂಕ್ರೀಟ್ ತಾರಸಿ ಹಾಗೂ ಇಟ್ಟಿಗೆ ಗೋಡೆಗಳು ಆ ತರಂಗಗಳನ್ನು ಬಹುಮಟ್ಟಿಗೆ ತಡೆಯುತ್ತವೆ. ಸಂಕೇತದ ಬಲ ಮೈನಸ್ 50 ಡಿಬಿಎಂ ಆಸುಪಾಸಿನಲ್ಲಿದ್ದರೆ ಉತ್ತಮ. ಮೈನಸ್ 70ಕ್ಕಿಂತ ಕುಗ್ಗಿದರೆ ವೇಗ ಇಳಿಯತೊಡಗುತ್ತದೆ.

ರೂಟರನ್ನು ಬೀರುವಿನ ಹಿಂದೆ, ಟಿ.ವಿ. ಕಪಾಟಿನೊಳಗೆ ಅಥವಾ ನೆಲದ ಮೇಲೆ ಇಡುವುದರಿಂದ ಸಂಕೇತ ಕುಂದುತ್ತದೆ. ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ ಇಡುವುದು ಖರ್ಚಿಲ್ಲದ ಪರಿಹಾರ. ಮೇಲಂತಸ್ತಿಗೆ ಒಂದು ಈಥರ್ನೆಟ್ ಕೇಬಲ್ ಎಳೆದು ಅಲ್ಲಿ ಇನ್ನೊಂದು ವೈಫೈ ಉಪಕರಣ ಇಡುವುದು ಹೆಚ್ಚು ಸ್ಥಿರವಾದ ಪರಿಹಾರ. ಕೇಬಲ್ ಇಲ್ಲದೆ ಸಂಕೇತವನ್ನು ಮರುಪ್ರಸಾರ ಮಾಡುವ ಅಗ್ಗದ ರಿಪೀಟರ್‌ಗಳು ಒಂದೇ ಚಾನೆಲ್ಲಿನಲ್ಲಿ ಪಡೆಯುವುದನ್ನೂ ಕೊಡುವುದನ್ನೂ ಮಾಡಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ.

### ಕೇಬಲ್ ಮತ್ತು ಪೋರ್ಟ್

ಯೋಜನೆ 200 ಅಥವಾ 300 ಎಂಬಿಪಿಎಸ್ ಆಗಿದ್ದು, ತಂತಿಯ ಮೂಲಕ ಅಳೆದಾಗ ಪ್ರತಿಬಾರಿಯೂ 94ರ ಆಸುಪಾಸಿನಲ್ಲೇ ಅಂಕಿ ನಿಂತರೆ, ಹಾದಿಯಲ್ಲಿ ಎಲ್ಲೋ ಒಂದು 100 ಎಂಬಿಪಿಎಸ್ ಪೋರ್ಟ್ ಇದೆಯೆಂದೇ ಅರ್ಥ. ಅದು ಹಳೆಯ ರೂಟರಿನದ್ದಾಗಿರಬಹುದು, ಲ್ಯಾಪ್‌ಟಾಪಿನದ್ದಾಗಿರಬಹುದು. ಈಥರ್ನೆಟ್ ಕೇಬಲ್ಲಿನೊಳಗಿನ ನಾಲ್ಕು ಜೋಡಿ ತಂತಿಗಳಲ್ಲಿ 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಗಿಗಾಬಿಟ್ ವೇಗಕ್ಕೆ ನಾಲ್ಕೂ ಬೇಕು. ಒಂದು ಎಳೆ ತುಂಡಾದರೂ ಸಂಪರ್ಕ ಕಡಿಯದೆ 100ಕ್ಕೆ ಇಳಿಯಬಹುದು. ಆದ್ದರಿಂದ ಮೊದಲು ಕೇಬಲ್ ಬದಲಿಸಿ ನೋಡುವುದು ಲೇಸು.

### ಮನೆಗೆ ಬರುವ ಫೈಬರ್

ಫೈಬರ್ ಮೋಡೆಮ್‌ನ (ಒಎನ್‌ಟಿ) ಪುಟದಲ್ಲಿ ಬೆಳಕಿನ ಬಲವನ್ನು ಡಿಬಿಎಂ ಮಾನದಲ್ಲಿ ಕಾಣಬಹುದು. ಜಿಪಾನ್ ಉಪಕರಣಗಳಲ್ಲಿ ಇದು ಸಾಮಾನ್ಯವಾಗಿ ಮೈನಸ್ 8 ಮತ್ತು ಮೈನಸ್ 27ರ ನಡುವೆ ಇರಬೇಕು. ಮೈನಸ್ 27ರ ಅಂಚಿಗೆ ಬಂದರೆ ದೋಷಗಳು ಹೆಚ್ಚಿ ಸಂಪರ್ಕ ಆಗಾಗ ಕಡಿಯುತ್ತದೆ. ಕೇಬಲ್ಲನ್ನು ಚೂಪಾಗಿ ಬಗ್ಗಿಸಿರುವುದು, ಜೋಡಣೆಯಲ್ಲಿ ಧೂಳು ಸೇರಿರುವುದು, ಕಂಬದ ಮೇಲಿನ ಜೋಡಣೆ ಸಡಿಲವಾಗಿರುವುದು ಇದಕ್ಕೆ ಕಾರಣಗಳು. ಮೋಡೆಮ್‌ನಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಹೊತ್ತಿದ್ದರೆ ಬೆಳಕೇ ಬರುತ್ತಿಲ್ಲವೆಂದು ತಿಳಿಯಬೇಕು. ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಅದರಲ್ಲಿ ಹರಿಯುವ ಅವಕೆಂಪು ಬೆಳಕು ಕಣ್ಣಿಗೆ ಕಾಣದಿದ್ದರೂ ಹಾನಿ ಮಾಡಬಲ್ಲದು.

ಜಿಪಾನ್ ಜಾಲದಲ್ಲಿ ವಿನಿಮಯ ಕೇಂದ್ರ ಹಾಗೂ ಮನೆಯ ನಡುವೆ ವಿದ್ಯುತ್ ಬೇಡುವ ಉಪಕರಣವಿಲ್ಲ. ಆದರೆ ಬಡಾವಣೆಯ ನಡುವೆ ವಿದ್ಯುತ್‌ಚಾಲಿತ ಸ್ವಿಚ್‌ಗಳನ್ನು ಬಳಸುವ ಜಾಲಗಳೂ ಇವೆ. ಅಂಥ ಕಡೆ ಕರೆಂಟು ಹೋದಾಗ ಮನೆಯ ರೂಟರ್ ಇನ್ವರ್ಟರಿನಲ್ಲಿ ನಡೆಯುತ್ತಿದ್ದರೂ ಅಂತರಜಾಲ ನಿಲ್ಲುತ್ತದೆ.

### ಸೇವಾದಾತರ ಜಾಲ

ತಂತಿಯ ಮೂಲಕ ಅಳೆದ ವೇಗ ಬೆಳಿಗ್ಗೆ ಪೂರ್ಣವಾಗಿದ್ದು ರಾತ್ರಿ ಮಾತ್ರ ಕುಸಿದರೆ ಇಕ್ಕಟ್ಟು ಮನೆಯ ಹೊರಗಿದೆ. ಟ್ರೇಸ್‌ರೂಟ್ ಎಂಬ ಆದೇಶವು ಹಾದಿಯ ಒಂದೊಂದು ಹಂತದ ವಿಳಂಬವನ್ನು ತೋರಿಸುತ್ತದೆ. ಮೊದಲ ಹಂತವಾದ ಮನೆಯ ರೂಟರಿಗೆ ತಂತಿಯ ಮೂಲಕ ಒಂದೆರಡು ಮಿಲಿಸೆಕೆಂಡು ಮೀರಬಾರದು. ಮುಂದಿನ ಹಂತದಿಂದ ಕೊನೆಯವರೆಗೂ ವಿಳಂಬ ಒಮ್ಮೆಲೇ ಏರಿ ಹಾಗೆಯೇ ಉಳಿದರೆ ಆ ಹಂತದಲ್ಲಿ ದಟ್ಟಣೆಯಿರುವ ಸಂಭವವಿದೆ. ನಡುವಿನ ಒಂದೇ ಹಂತ ಹೆಚ್ಚಿನ ಅಂಕಿ ತೋರಿಸಿ ಮುಂದಿನವು ಸರಿಯಾಗಿದ್ದರೆ ಅದು ದೋಷವಲ್ಲ. ಅಂಥ ಉಪಕರಣಗಳು ಪರೀಕ್ಷಾ ಪ್ಯಾಕೆಟ್‌ಗಳಿಗೆ ಉತ್ತರಿಸುವುದನ್ನು ಕೊನೆಯ ಆದ್ಯತೆಯಾಗಿ ಇಟ್ಟುಕೊಂಡಿರುತ್ತವೆ. ತಿಂಗಳ ದತ್ತಾಂಶ ಮಿತಿ ಮುಗಿದು ವೇಗ ತಗ್ಗಿದೆಯೇ ಎಂಬುದನ್ನೂ ಖಾತೆಯಲ್ಲಿ ನೋಡಿಕೊಳ್ಳಬೇಕು.

### ತುಂಬಿದ ಸಂಪರ್ಕದ ವಿಳಂಬ

ಮನೆಯಲ್ಲಿ ಒಬ್ಬರು ದೊಡ್ಡ ಕಡತ ಕಳುಹಿಸುವಾಗ ಇನ್ನೊಬ್ಬರ ತರಗತಿಯ ಧ್ವನಿ ತುಂಡಾಗುವುದುಂಟು. ರೂಟರ್ ಅಥವಾ ಮೋಡೆಮ್ ಅತಿಯಾದ ಪ್ಯಾಕೆಟ್‌ಗಳನ್ನು ಸರದಿಯಲ್ಲಿ ಕಾಯಿಸುವುದೇ ಇದಕ್ಕೆ ಕಾರಣ. 2010ರ ಸುಮಾರಿಗೆ ಜಿಮ್ ಗೆಟ್ಟಿಸ್ ಇದನ್ನು ಬಫರ್‌ಬ್ಲೋಟ್ ಎಂದು ಹೆಸರಿಸಿದರು. ಸರದಿಯನ್ನು ಜಾಣ್ಮೆಯಿಂದ ನಿರ್ವಹಿಸುವ ಎಸ್‌ಕ್ಯೂಎಂ ಸೌಲಭ್ಯ ಕೆಲವು ರೂಟರ್‌ಗಳಲ್ಲಿದೆ. ಅದರ ಮಿತಿಯನ್ನು ತಂತಿಯ ಮೂಲಕ ಅಳೆದ ವೇಗದ ಶೇಕಡಾ 85ರಿಂದ 95ಕ್ಕೆ ನಿಗದಿಪಡಿಸಿದರೆ ವೇಗ ತುಸು ತಗ್ಗಿದರೂ ವಿಳಂಬ ಗಣನೀಯವಾಗಿ ಇಳಿಯುತ್ತದೆ.

## ಮಾದರಿ ವಿಶ್ಲೇಷಣೆ

ದಾವಣಗೆರೆಯ ನಿಟ್ಟುವಳ್ಳಿಯಂಥ ವಸತಿ ಪ್ರದೇಶದ ಮೂರು ಮನೆಗಳನ್ನು ಕಲ್ಪಿಸಿಕೊಳ್ಳಬಹುದು. ಮೂರರಲ್ಲೂ ರೂಟರ್ ನೆಲಮಹಡಿಯಲ್ಲಿದೆ, ಮೂರರಲ್ಲೂ ದೂರು ನೆಟ್ ನಿಧಾನ ಎಂಬುದೇ. ಕೆಳಗಿನ ಅಂಕಿಗಳು ವಿವರಣೆಗಾಗಿ ರಚಿಸಿದವು. ಎಲ್ಲವೂ ಎಂಬಿಪಿಎಸ್ ಮಾನದಲ್ಲಿವೆ.

| ಅಳತೆ | ಮೊದಲ ಮನೆ | ಎರಡನೆಯ ಮನೆ | ಮೂರನೆಯ ಮನೆ |
|---|---|---|---|
| ಯೋಜನೆಯ ವೇಗ | 100 | 100 | 200 |
| ತಂತಿ, ಬೆಳಿಗ್ಗೆ 7 | 93 | 93 | 94 |
| ತಂತಿ, ರಾತ್ರಿ 9 | 90 | 23 | 94 |
| ವೈಫೈ, ರೂಟರ್ ಬಳಿ, ರಾತ್ರಿ 9 | 88 | 22 | 93 |
| ವೈಫೈ, ಮೇಲಂತಸ್ತು, ರಾತ್ರಿ 9 | 14 | 12 | 60 |

ಮೊದಲ ಮನೆಯಲ್ಲಿ ಸೇವಾದಾತರ ಸಂಪರ್ಕ ಸರಿಯಾಗಿದೆ. ತಾರಸಿಯ ಕಾಂಕ್ರೀಟ್ ವೈಫೈಯನ್ನು ತಡೆದಿದೆ. ಇಲ್ಲಿ ಹೆಚ್ಚಿನ ಯೋಜನೆಗೆ ಪ್ರತಿ ತಿಂಗಳೂ ಹಣ ಕಟ್ಟಿದರೆ ಅದು ವ್ಯರ್ಥ. ಮೇಲಂತಸ್ತಿಗೆ ಒಂದು ಕೇಬಲ್ ಎಳೆದರೆ ಸಾಕು. ಎರಡನೆಯ ಮನೆಯಲ್ಲಿ ರಾತ್ರಿಯ ಕುಸಿತ ತಂತಿಯಲ್ಲೇ ಕಾಣುವುದರಿಂದ ಇಕ್ಕಟ್ಟು ಸೇವಾದಾತರ ಜಾಲದಲ್ಲಿದೆ. ಹೊಸ ರೂಟರ್ ಕೊಂಡರೂ ಪ್ರಯೋಜನವಿಲ್ಲ, ದೂರು ನೀಡುವುದೇ ದಾರಿ. ಮೇಲಂತಸ್ತಿನ ವೈಫೈ ಕೊರತೆ ಅಲ್ಲಿಯೂ ಇದೆ, ಆದರೆ ಅದು ಎರಡನೆಯ ಪ್ರಶ್ನೆ. ಮೂರನೆಯ ಮನೆಯಲ್ಲಿ ಹೊತ್ತು ಬದಲಾದರೂ ಅಂಕಿ 94ರಲ್ಲೇ ಸ್ಥಿರವಾಗಿದೆ. ರೂಟರನ್ನು ಬದಿಗಿಟ್ಟು ಕಂಪ್ಯೂಟರನ್ನು ಗಿಗಾಬಿಟ್ ಪೋರ್ಟ್ ಮೂಲಕ ನೇರವಾಗಿ ಒಎನ್‌ಟಿಗೆ ಜೋಡಿಸಿದಾಗ 190 ಬಂದರೆ, ರೂಟರಿನ 100 ಎಂಬಿಪಿಎಸ್ ಪೋರ್ಟ್ ಅಥವಾ ಅದಕ್ಕೆ ಬರುವ ಕೇಬಲ್ಲೇ ಇಕ್ಕಟ್ಟಿನ ತಾಣವೆಂದು ಖಚಿತವಾಗುತ್ತದೆ. ಆ ಮನೆಯವರು ಅಲ್ಲಿಯವರೆಗೆ ಇನ್ನೂರಕ್ಕೆ ಹಣ ಕೊಟ್ಟು ನೂರನ್ನು ಬಳಸುತ್ತಿದ್ದರು. ಲಕ್ಷಣ ಒಂದೇ ಆದರೂ ಕಾರಣಗಳು ಮೂರು, ಪರಿಹಾರಗಳೂ ಮೂರು. ಮೇಲಂತಸ್ತಿನ ಅಂಕಿಯೊಂದನ್ನೇ ನೋಡಿದ್ದರೆ ಮೊದಲ ಎರಡು ಮನೆಗಳನ್ನು ಪ್ರತ್ಯೇಕಿಸುವುದು ಸಾಧ್ಯವಿರಲಿಲ್ಲ.

## ದೂರು ಮತ್ತು ಗ್ರಾಹಕರ ಹಕ್ಕು

ಟ್ರಾಯ್ 2006ರಲ್ಲಿ ಹೊರಡಿಸಿದ ಬ್ರಾಡ್‌ಬ್ಯಾಂಡ್ ಸೇವಾ ಗುಣಮಟ್ಟ ನಿಯಮಗಳು ಗ್ರಾಹಕರಿಗೆ ದೊರೆಯುವ ವೇಗವು ಚಂದಾ ಪಡೆದ ವೇಗದ ಶೇಕಡಾ 80ಕ್ಕಿಂತ ಹೆಚ್ಚಿರಬೇಕೆಂದೂ, ಪ್ಯಾಕೆಟ್ ನಷ್ಟ ಶೇಕಡಾ 1ಕ್ಕಿಂತ ಕಡಿಮೆ ಇರಬೇಕೆಂದೂ ಮಾನದಂಡ ವಿಧಿಸಿದ್ದವು. ದೂರವಾಣಿ, ಮೊಬೈಲ್ ಹಾಗೂ ಬ್ರಾಡ್‌ಬ್ಯಾಂಡ್‌ಗಳಿಗೆ ಒಟ್ಟಾಗಿ ಅನ್ವಯಿಸುವ ಹೊಸ ಗುಣಮಟ್ಟ ನಿಯಮಗಳು 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿವೆ. ಈ ಮಾನದಂಡಗಳು ಸೇವಾದಾತರ ಜಾಲಕ್ಕೆ ಸಂಬಂಧಿಸಿದವು. ಮನೆಯೊಳಗಿನ ವೈಫೈಯ ಕೊರತೆ ಇವುಗಳ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ದೂರಿನೊಡನೆ ತಂತಿಯ ಮೂಲಕ ಅಳೆದ ದಾಖಲೆ ಇರುವುದು ಮುಖ್ಯ. ಜಾಹೀರಾತಿನಲ್ಲಿ 100 ಎಂಬಿಪಿಎಸ್ ವರೆಗೆ ಎಂದಿದ್ದರೆ ಆ ವರೆಗೆ ಎಂಬ ಪದವನ್ನು ಗಮನಿಸಿ, ಯೋಜನೆಯ ಪೂರ್ಣ ಷರತ್ತುಗಳನ್ನು ಓದಿಕೊಳ್ಳಬೇಕು.

2012ರ ಗ್ರಾಹಕ ದೂರು ಪರಿಹಾರ ನಿಯಮಗಳ ಪ್ರಕಾರ ದೂರು ನಿರ್ವಹಣೆಗೆ ಎರಡು ಹಂತಗಳಿವೆ. ಮೊದಲು ಸೇವಾದಾತರ ದೂರು ಕೇಂದ್ರದಲ್ಲಿ ದೂರು ದಾಖಲಿಸಿ ಅದರ ಸಂಖ್ಯೆಯನ್ನು ಪಡೆಯಬೇಕು. ಪರಿಹಾರ ತೃಪ್ತಿಕರವಾಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮೇಲ್ಮನವಿ ಸಲ್ಲಿಸಬಹುದು. ಟ್ರಾಯ್ ತಾನಾಗಿ ವೈಯಕ್ತಿಕ ದೂರುಗಳನ್ನು ಇತ್ಯರ್ಥಪಡಿಸುವುದಿಲ್ಲ. ದೂರಸಂಪರ್ಕ ಸೇವೆಯ ನ್ಯೂನತೆಗಳ ಬಗ್ಗೆ ಗ್ರಾಹಕ ಆಯೋಗಗಳಿಗೆ ದೂರು ಸಲ್ಲಿಸಲು ಅಡ್ಡಿಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

## ಮಿತಿಗಳು

ವೇಗಮಾಪನವು ಅಳೆದ ಗಳಿಗೆಯ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಬ್ರೌಸರಿನಲ್ಲಿ ಅಳೆಯುವಾಗ ಕಂಪ್ಯೂಟರ್ ಹಳೆಯದಾಗಿದ್ದರೆ ಅದರ ಪ್ರೊಸೆಸರೇ ಅಂಕಿಯನ್ನು ತಗ್ಗಿಸಬಹುದು. ಡೌನ್‌ಲೋಡ್ ವೇಗ ಉತ್ತಮವಾಗಿದ್ದರೂ ಪುಟಗಳು ತೆರೆಯಲು ತಡವಾಗುತ್ತಿದ್ದರೆ ಹೆಸರುಗಳನ್ನು ವಿಳಾಸಗಳಾಗಿ ಬದಲಿಸುವ ಡಿಎನ್‌ಎಸ್ ಸೇವೆಯ ನಿಧಾನ ಕಾರಣವಾಗಿರಬಹುದು. ಒಂದು ಜಾಲತಾಣ ಮಾತ್ರ ನಿಧಾನವಾಗಿದ್ದು ಉಳಿದವು ಸರಿಯಾಗಿದ್ದರೆ, ಉದಾಹರಣೆಗೆ ಪರೀಕ್ಷಾ ಫಲಿತಾಂಶ ಪ್ರಕಟವಾದ ದಿನ, ಇಕ್ಕಟ್ಟು ಆ ಸರ್ವರಿನಲ್ಲಿದೆ. ಅಂಥ ಸಂದರ್ಭದಲ್ಲಿ ಮನೆಯಲ್ಲಿ ಮಾಡಬಹುದಾದ ಬದಲಾವಣೆ ಯಾವುದೂ ಇಲ್ಲ.

## ಇವನ್ನೂ ನೋಡಿ

- ಅಂತರಜಾಲ
- ಬ್ರಾಡ್‌ಬ್ಯಾಂಡ್
- ಆಪ್ಟಿಕಲ್ ಫೈಬರ್
- ವೈಫೈ
- ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ
- ದಾವಣಗೆರೆ